ಪ್ರಶ್ನೋತ್ತರ: ಕೇಂದ್ರ ಬ್ಯಾಂಕಿನ ಸಂಶೋಧನಾ ವಿಭಾಗದಲ್ಲಿ ಹೊಸಬರಿಗೆ ಎಂತ ಕೆಲಸ?

ಪ್ರಶ್ನೆ (ಬದಿಯಡ್ಕದಿಂದ): ಬಳಗದ ಹಿರಿಯರಿಗೆ ನಮಸ್ಕಾರ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಎಂ.ಎ. ಕೊನೆಯ ವರ್ಷದಲ್ಲಿದ್ದೇನೆ. ಹತ್ತನೇವರೆಗೆ ಕನ್ನಡ ಮಾಧ್ಯಮ. ರಿಸರ್ವ್ ಬ್ಯಾಂಕಿನಲ್ಲಿ ಸಂಶೋಧನಾ ಸಹಾಯಕಿಯಾಗಿ ಸೇರಬೇಕೆಂದು ಆಸೆ. ಊರಲ್ಲಿ ಎಲ್ಲರೂ "ಆರ್‌ಬಿಐ ಅಸಿಸ್ಟೆಂಟ್ ಪರೀಕ್ಷೆ ಬರಿ" ಅಂತಾರೆ. ಎರಡೂ ಒಂದೇಯಾ? ಹೊಸಬರಿಗೆ ಅಲ್ಲಿ ನಿಜವಾಗಿ ಎಂತ ಕೆಲಸ ಇರ್ತದೆ?

ಉತ್ತರ (ಸಂಶೋಧನಾ ವಿಭಾಗದ ನಿವೃತ್ತ ಅಧಿಕಾರಿ): ಒಂದೇ ಅಲ್ಲಮ್ಮ, ದಾರಿಯೇ ಬೇರೆ. ಆರ್‌ಬಿಐ ಅಸಿಸ್ಟೆಂಟ್ ಎಂದರೆ ಗುಮಾಸ್ತರ ಹುದ್ದೆ. ಯಾವ ಪದವಿಯವರೂ ಬರೆಯಬಹುದು, ಕೊನೆಗೆ ಆ ರಾಜ್ಯದ ಭಾಷೆಯ ಪರೀಕ್ಷೆ ಉಂಟು. ನಮ್ಮ ಕಾಸರಗೋಡಿನ ಮಕ್ಕಳು ಎಡವುವುದು ಅಲ್ಲೇ. ವಿಳಾಸ ಕೇರಳದ್ದು ಎಂದು ತಿರುವನಂತಪುರ ಕಚೇರಿಗೆ ಅರ್ಜಿ ಹಾಕಿದರೆ ಮಲಯಾಳ ಓದಿ ಬರೆಯಲು ಬರಬೇಕು. ಕನ್ನಡ ಗಟ್ಟಿ ಇದ್ದವರಿಗೆ ಬೆಂಗಳೂರು ಕಚೇರಿಯೇ ವಾಸಿ.

ಸಂಶೋಧನೆ ನಡೆಯುವುದು ಮುಖ್ಯವಾಗಿ ಮುಂಬಯಿಯ ಕೇಂದ್ರ ಕಚೇರಿಯಲ್ಲಿ, ಆರ್ಥಿಕ ಮತ್ತು ನೀತಿ ಸಂಶೋಧನಾ ವಿಭಾಗದಲ್ಲಿ. ಅದನ್ನೇ ಡಿಇಪಿಆರ್ ಎನ್ನುವುದು. ಅಂಕಿಅಂಶಗಳ ವಿಭಾಗ ಡಿಎಸ್‌ಐಎಂ. ಎರಡಕ್ಕೂ ಗ್ರೇಡ್ ಬಿ ಅಧಿಕಾರಿಗಳ ನೇಮಕ ಸಾಮಾನ್ಯ ಗ್ರೇಡ್ ಬಿಗಿಂತ ಪ್ರತ್ಯೇಕ, ವಿಷಯದಲ್ಲಿ ಸ್ನಾತಕೋತ್ತರ ಪದವಿ ಬೇಕು. ಇದಲ್ಲದೆ ನಿಗದಿತ ಅವಧಿಗೆ ಸಂಶೋಧನಾ ಇಂಟರ್ನ್‌ಗಳನ್ನೂ ತೆಗೆದುಕೊಳ್ಳುತ್ತಾರೆ. ಅಮೆರಿಕದ ಫೆಡರಲ್ ರಿಸರ್ವ್‌ನಲ್ಲಾದರೆ ಪದವಿ ಮುಗಿಸಿದವರನ್ನೇ ಸುಮಾರು ಎರಡು ವರ್ಷಕ್ಕೆ ಸಂಶೋಧನಾ ಸಹಾಯಕರಾಗಿ ಸೇರಿಸುತ್ತಾರೆ, ಆಮೇಲೆ ಬಹಳಷ್ಟು ಮಂದಿ ಪಿಎಚ್‌ಡಿಗೆ ಹೋಗುತ್ತಾರೆ. ಹೆಸರು ಯಾವುದಿದ್ದರೂ ಮೊದಲ ಎರಡು ವರ್ಷದ ಕೆಲಸ ಹೆಚ್ಚುಕಡಿಮೆ ಒಂದೇ. ಅಂಕಿ ಇಳಿಸಿಕೊಳ್ಳುವುದು, ಶುದ್ಧ ಮಾಡುವುದು, ಚಾರ್ಟು, ಕೋಷ್ಟಕ, ಒಂದು ಪುಟದ ಟಿಪ್ಪಣಿ. ಬಡ್ಡಿದರ ಎಷ್ಟಿರಬೇಕೆಂದು ಹೊಸಬರನ್ನು ಯಾರೂ ಕೇಳುವುದಿಲ್ಲ. "ಈ 2.4 ಎಲ್ಲಿಂದ ಬಂತು?" ಎಂದು ಮಾತ್ರ ಖಂಡಿತ ಕೇಳುತ್ತಾರೆ. ಹತ್ತು ನಿಮಿಷದೊಳಗೆ ಮೂಲದ ಕೋಷ್ಟಕದಿಂದ ಉತ್ತರದವರೆಗೆ ತೋರಿಸಲು ಆಗಬೇಕು. ಕೆಲಸ ಗೊತ್ತುಂಟೋ ಇಲ್ಲವೋ ಎಂದು ಅಳೆಯುವುದು ಅದರಲ್ಲೇ.

ಪ್ರಶ್ನೆ (ಮಂಜೇಶ್ವರದಿಂದ): ಸರ್, ವರ್ಷದ ಕೆಲಸದ ಲಯ ಹೇಗೆ? ಯಾವಾಗ ಒತ್ತಡ?

ಉತ್ತರ (ನಿವೃತ್ತ ಅಧಿಕಾರಿ): ಬಡ್ಡಿದರ ನಿರ್ಧರಿಸುವ ಹಣಕಾಸು ನೀತಿ ಸಮಿತಿಯ ಸಭೆಯೇ ಗಡಿಯಾರ. ಕಾನೂನಿನಲ್ಲಿ ವರ್ಷಕ್ಕೆ ಕನಿಷ್ಠ ನಾಲ್ಕು ಸಭೆ ಎಂದಿದೆ, ನಡೆಯುವುದು ಎರಡು ತಿಂಗಳಿಗೊಂದು. ಸಮಿತಿಯಲ್ಲಿ ಆರು ಜನ. ಸಭೆ ಮುಗಿದ 14ನೇ ದಿನ ನಡಾವಳಿ ಹೊರಬರುತ್ತದೆ. ಆರು ತಿಂಗಳಿಗೊಮ್ಮೆ ಹಣಕಾಸು ನೀತಿ ವರದಿ, ಪ್ರತಿ ತಿಂಗಳು ಬುಲೆಟಿನ್, ವರ್ಷಕ್ಕೆರಡು ಸಲ ಹಣಕಾಸು ಸ್ಥಿರತೆ ವರದಿ. ಇವುಗಳ ನಡುವೆ ತಿಂಗಳ 12ನೇ ತಾರೀಖಿನ ಹೊತ್ತಿಗೆ ಗ್ರಾಹಕ ಬೆಲೆ ಸೂಚ್ಯಂಕ ಬರುತ್ತದೆ. ಅಂದು ಸಂಜೆ ಮನೆಗೆ ಹೋಗುವ ಹೊತ್ತು ಕೇಳಬೇಡಿ. ಅಂಕಿ ಬಂದ ಗಂಟೆಯೊಳಗೆ ಏನು ಏರಿತು, ಯಾಕೆ ಏರಿತು, ಯಾವ ಗುಂಪಿನ ಪಾಲು ಎಷ್ಟು ಎಂಬ ಟಿಪ್ಪಣಿ ಮೇಲೆ ಹೋಗಬೇಕು. ಕೋಡ್ ಮೊದಲೇ ಬರೆದಿಟ್ಟವರಿಗೆ ಕೆಲಸ ಹಗುರ, ಅಂದು ಸೂತ್ರ ಹಾಕಲು ಕೂತವರು ತಪ್ಪುತ್ತಾರೆ.

ಪ್ರಶ್ನೆ (ಬದಿಯಡ್ಕದಿಂದ): "ಪಾಲು ಎಷ್ಟು" ಅಂದ್ರೆ ತೂಕವನ್ನು ಏರಿಕೆಯಿಂದ ಗುಣಿಸಿದರೆ ಸಾಕಲ್ವಾ ಸರ್?

ಉತ್ತರ (ಅಂಕಿಅಂಶ ವಿಭಾಗದಲ್ಲಿರುವವರು): ಸಾಕಾಗುವುದಿಲ್ಲ ತಂಗಿ, ತುಂಬ ಜನ ತಪ್ಪುವುದು ಇಲ್ಲೇ. 2012 ಮೂಲವರ್ಷದ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳ ತೂಕ, ಅಂದರೆ ಮನೆಖರ್ಚಿನ ಬುಟ್ಟಿಯಲ್ಲಿ ನೂರಕ್ಕೆ ಅವುಗಳ ಪಾಲು, 45.86. ಲೆಕ್ಕಕ್ಕಾಗಿ ಹೀಗಿಟ್ಟುಕೊಳ್ಳಿ: ಆಹಾರದ ಸೂಚ್ಯಂಕ ಒಂದು ವರ್ಷದಲ್ಲಿ 190ರಿಂದ 199.5ಕ್ಕೆ ಏರಿತು, ಅಂದರೆ ಶೇ. 5. ವರ್ಷದ ಹಿಂದೆ ಒಟ್ಟು ಸೂಚ್ಯಂಕ 180 ಇತ್ತು. 0.4586 ಗುಣಿಸು 5 ಎಂದರೆ 2.29 ಬರುತ್ತದೆ, ಅದು ತಪ್ಪು. ಆ ತೂಕ ಮೂಲವರ್ಷದ್ದು. ಆಮೇಲೆ ಆಹಾರ ಉಳಿದದ್ದಕ್ಕಿಂತ ಹೆಚ್ಚು ಏರಿದ್ದರೆ ಇವತ್ತಿನ ಬುಟ್ಟಿಯಲ್ಲಿ ಅದರ ಪಾಲೂ ಹೆಚ್ಚಾಗಿರುತ್ತದೆ. ಸರಿಯಾದ ದಾರಿ: ತೂಕವನ್ನು ಸೂಚ್ಯಂಕದ ಏರಿಕೆಯಿಂದ (9.5) ಗುಣಿಸಿ, ವರ್ಷದ ಹಿಂದಿನ ಒಟ್ಟು ಸೂಚ್ಯಂಕದಿಂದ (180) ಭಾಗಿಸಿ, 100ರಿಂದ ಗುಣಿಸಿ. 2.42 ಶೇಕಡಾ ಅಂಶ. ಎಲ್ಲ ಗುಂಪುಗಳ ಪಾಲು ಕೂಡಿಸಿದರೆ ಒಟ್ಟು ಹಣದುಬ್ಬರ ಬರಬೇಕು. ದಶಮಾಂಶದ ಸಣ್ಣ ವ್ಯತ್ಯಾಸ ಬಿಟ್ಟು ಬೇರೆ ಉಳಿದರೆ ಎಲ್ಲೋ ತಪ್ಪಿದೆ.

ಹಾಗೆಯೇ ಶೇ. 4 ಇದ್ದದ್ದು ಶೇ. 5 ಆದರೆ ಏರಿಕೆ "1 ಶೇಕಡಾ ಅಂಶ", ಶೇ. 1 ಅಲ್ಲ. ಮತ್ತೆ, ಹಣದುಬ್ಬರ ಇಳಿಯಿತು ಎಂದರೆ ಬೆಲೆ ಇಳಿಯಿತು ಎಂದಲ್ಲ. ಕಳೆದ ವರ್ಷ ಇದೇ ತಿಂಗಳಲ್ಲಿ ಸೂಚ್ಯಂಕ ಶೇ. 2 ಜಿಗಿದಿದ್ದು ಈ ವರ್ಷ ಶೇ. 0.5 ಮಾತ್ರ ಏರಿದರೆ, ಬೆಲೆ ಏರಿಯೂ ವಾರ್ಷಿಕ ದರ ಸುಮಾರು ಒಂದೂವರೆ ಅಂಶ ಕುಸಿಯುತ್ತದೆ. ಟಿಪ್ಪಣಿಯಲ್ಲಿ ಇದನ್ನು ಬೇರ್ಪಡಿಸಿ ಬರೆಯದಿದ್ದರೆ ಕಡತ ವಾಪಸ್.

ಪ್ರಶ್ನೆ (ಉಪ್ಪಳದಿಂದ): ಅಂಕಿ ಎಲ್ಲ ಆರ್‌ಬಿಐ ಜಾಲತಾಣದಲ್ಲೇ ಸಿಗ್ತದಲ್ಲ. ಇಳಿಸಿ ಹಾಕುವುದರಲ್ಲಿ ತಪ್ಪು ಎಂತ ಆಗ್ಲಿಕ್ಕೆ?

ಉತ್ತರ (ಅಂಕಿಅಂಶ ವಿಭಾಗದವರು): ಮಾರಾಯ್ರೆ, ತಪ್ಪೆಲ್ಲ ಆಗುವುದೇ ಅಲ್ಲಿ. ಸಂಖ್ಯೆ ಸರಿಯಾಗಿಯೇ ಇರುತ್ತದೆ, ಸರಣಿ ಮುರಿದದ್ದು ಕಣ್ಣಿಗೆ ಬೀಳುವುದಿಲ್ಲ. ತಿಳಿದಿರಲೇಬೇಕಾದ ಕೆಲವನ್ನು ಹೇಳುತ್ತೇನೆ.

2023ರ ಜುಲೈ 1ರಂದು ಎಚ್‌ಡಿಎಫ್‌ಸಿ ಲಿಮಿಟೆಡ್ ಎಚ್‌ಡಿಎಫ್‌ಸಿ ಬ್ಯಾಂಕಿನಲ್ಲಿ ವಿಲೀನವಾಯಿತು. ಅಲ್ಲಿಯವರೆಗೆ ಬ್ಯಾಂಕೇತರ ಸಂಸ್ಥೆಯ ಲೆಕ್ಕದಲ್ಲಿದ್ದ ಗೃಹಸಾಲ ಒಂದೇ ದಿನ ಬ್ಯಾಂಕ್ ಸಾಲವಾಯಿತು. ಮುಂದಿನ ಒಂದು ವರ್ಷದ ಸಾಲ ಬೆಳವಣಿಗೆಯನ್ನು ವಿಲೀನ ಸೇರಿಸಿ, ಸೇರಿಸದೆ ಎಂದು ಎರಡೂ ರೀತಿ ತೋರಿಸಬೇಕು. ಯಾವುದು ಎಂದು ಬರೆಯದ ಚಾರ್ಟು ಉಪಯೋಗಕ್ಕಿಲ್ಲ.

ರಿಸರ್ವ್ ಬ್ಯಾಂಕಿನ ಲೆಕ್ಕದ ವರ್ಷ ಮೊದಲು ಜುಲೈಯಿಂದ ಜೂನ್. ಏಪ್ರಿಲ್–ಮಾರ್ಚ್‌ಗೆ ಬದಲಾದಾಗ 2020-21ಕ್ಕೆ ಸಿಕ್ಕಿದ್ದು ಒಂಬತ್ತೇ ತಿಂಗಳು. ಅದನ್ನು ಪೂರ್ಣ ವರ್ಷವೆಂದು ಹಿಂದಿನದಕ್ಕೆ ಹೋಲಿಸಿದರೆ ಆದಾಯ, ಖರ್ಚು ಎರಡೂ ಕುಸಿದಂತೆ ಕಾಣುತ್ತದೆ.

2020ರ ಏಪ್ರಿಲ್, ಮೇ ತಿಂಗಳ ಬೆಲೆ ಸೂಚ್ಯಂಕ ಲಾಕ್‌ಡೌನಿನಿಂದಾಗಿ ಪೂರ್ತಿ ಸಂಗ್ರಹವಾಗಲಿಲ್ಲ. ಅಂದಾಜಿನಿಂದ ತುಂಬಿದ ಅಂಕಿ ಅದು. ಮರುವರ್ಷದ ಅದೇ ತಿಂಗಳ ದರಕ್ಕೂ ಅದರ ನೆರಳು ಬೀಳುತ್ತದೆ. ಆಂಧ್ರಪ್ರದೇಶದ ಸರಣಿಯನ್ನು 2014ರ ಜೂನ್ 2ರ ಹಿಂದಕ್ಕೆ ಒಯ್ದರೆ ಅದರಲ್ಲಿ ತೆಲಂಗಾಣವೂ ಇರುತ್ತದೆ. ನಮ್ಮದೇ ಜಿಲ್ಲೆ ಹುಟ್ಟಿದ್ದು 1984ರ ಮೇ 24ಕ್ಕೆ. ಅದಕ್ಕಿಂತ ಹಿಂದಿನ ಕಾಸರಗೋಡನ್ನು ಕಣ್ಣೂರಿನ ಸಾಲಿನಲ್ಲಿ ಹುಡುಕಬೇಕು.

ಘಟಕ ನೋಡಿ. ಕೆಲವು ವರ್ಷ ಕೋಷ್ಟಕಗಳು ಬಿಲಿಯನ್ ರೂಪಾಯಿಯಲ್ಲಿದ್ದವು, ಈಗ ಕೋಟಿಯಲ್ಲಿ. ಒಂದು ಬಿಲಿಯನ್ ಎಂದರೆ 100 ಕೋಟಿ. ಎರಡು ಕಡತ ಜೋಡಿಸಿದಲ್ಲಿ ಗೆರೆ ನೂರು ಪಟ್ಟು ಮೇಲೆ ಹಾರಿದರೆ ಹಗರಣವಲ್ಲ, ಘಟಕ.

ತ್ರೈಮಾಸಿಕದ್ದು ಇನ್ನೊಂದು. ನಮ್ಮ 2024-25ರ ಮೊದಲ ತ್ರೈಮಾಸಿಕ ಏಪ್ರಿಲ್–ಜೂನ್. ಕ್ಯಾಲೆಂಡರ್ ವರ್ಷ ಎಣಿಸುವ ಅಂಕಿಅಂಶ ಸಾಫ್ಟ್‌ವೇರ್‌ಗಳಾದ ಸ್ಟಾಟಾ, ಈವ್ಯೂಸ್‌ಗೆ ಅದು 2024ರ ಎರಡನೆಯದು. ಬದಲಾಯಿಸದೆ ಹಾಕಿದರೆ ಎಲ್ಲ ಮೂರು ತಿಂಗಳು ಹಿಂದೆ ಸರಿಯುತ್ತದೆ. ರಿಗ್ರೆಶನ್ ಲೆಕ್ಕವೂ ನಡೆಯುತ್ತದೆ, ಉತ್ತರವೂ ಬರುತ್ತದೆ, ಕೆಂಪಕ್ಷರದ ಎಚ್ಚರಿಕೆ ಮಾತ್ರ ಬರುವುದಿಲ್ಲ.

ಪ್ರಶ್ನೆ (ಮುಳ್ಳೇರಿಯದಿಂದ): ಜಿಲ್ಲಾವಾರು ಎರಡು ಕಡತ ಜೋಡಿಸಿದಾಗ ನನಗೆ ಸಾಲುಗಳೇ ಹೆಚ್ಚಾಗಿಬಿಟ್ಟವು. ಎಂತ ಕಾರಣ?

ಉತ್ತರ (ಅಂಕಿಅಂಶ ವಿಭಾಗದವರು): ಎರಡೂ ಕಡೆ ಒಂದೇ ಜಿಲ್ಲೆ ಹಲವು ಸಲ ಇದೆ. ಒಂದೊಂದು ಸಾಲೂ ಇನ್ನೊಂದರ ಎಲ್ಲದರ ಜೊತೆ ಜೋಡಿಯಾಗಿದೆ. ಜೋಡಿಸುವ ಮೊದಲು ಜಿಲ್ಲೆ ಮತ್ತು ವರ್ಷ ಸೇರಿದ ಕೀಲಿ ಕಡೇಪಕ್ಷ ಒಂದು ಕಡತದಲ್ಲಾದರೂ ಒಂದೊಂದೇ ಸಲ ಇದೆಯಾ ನೋಡಿ. ಆಮೇಲೆ ಸಾಲುಗಳನ್ನು ಎಣಿಸಿ, ಜೋಡಿಯಾಗದೆ ಉಳಿದವನ್ನು ಕಣ್ಣಾರೆ ಓದಿ. ಹೆಸರಿನಿಂದ ಜೋಡಿಸಲೇಬೇಡಿ. ಕಾಸರಗೋಡನ್ನೇ ಇಂಗ್ಲಿಷಿನಲ್ಲಿ ಎರಡು ಮೂರು ಬಗೆ ಬರೆಯುತ್ತಾರೆ, ನಡುವಿನ ಒಂದು "ಎ" ಬಿಟ್ಟರೆ ಜಿಲ್ಲೆಯೇ ಮಾಯ. ಜನಗಣತಿಯ ಸಂಕೇತ ಬಳಸಿ. 2011ರದ್ದರಲ್ಲಿ ಕಾಸರಗೋಡು 588.

ಪ್ರಶ್ನೆ (ಕುಂಬಳೆಯಿಂದ): ಯಾವ ಸಾಫ್ಟ್‌ವೇರ್ ಕಲಿಯಲಿ? ಎಕ್ಸೆಲ್ ಮಾತ್ರ ಬರ್ತದೆ.

ಉತ್ತರ (ನಿವೃತ್ತ ಅಧಿಕಾರಿ): ಅಂಕಿಅಂಶದ ಲೆಕ್ಕಕ್ಕೆ ಬಳಸುವ ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಿರಿ, ಉಚಿತ. ಸ್ಟಾಟಾ ಕಚೇರಿಯಲ್ಲಿ ಸಿಕ್ಕಾಗ ಎರಡು ವಾರದಲ್ಲಿ ಕೈಗೆ ಹತ್ತುತ್ತದೆ. ಎಕ್ಸೆಲಿನಲ್ಲಿ ಲೆಕ್ಕ ಮಾಡುವುದನ್ನು ಇವತ್ತೇ ಬಿಡಿ.

ಉತ್ತರ (ಅಂಕಿಅಂಶ ವಿಭಾಗದವರು): ಸರ್ ಹೇಳಿದ್ದು ಪೂರ್ತಿ ಒಪ್ಪಲಾರೆ. ಮೇಲಿನವರು ಕೇಳುವುದು ಎಕ್ಸೆಲ್ ಕಡತವನ್ನೇ, ಚಾರ್ಟಿನ ಹಿಂದಿನ ಅಂಕಿ ಅದರಲ್ಲೇ ಹೋಗಬೇಕು. ನೋಡಲಿಕ್ಕೆ, ಕಳಿಸಲಿಕ್ಕೆ ಎಕ್ಸೆಲ್ ಇರಲಿ, ಲೆಕ್ಕ ಕೋಡಿನಲ್ಲಿ ಆಗಲಿ. ತಾರೀಖಿನ ಮೇಲೆ ಮಾತ್ರ ಕಣ್ಣಿರಲಿ. "ಮಾರ್ಚ್-12" ಎಂದು ಹೊಡೆದರೆ ಎಕ್ಸೆಲ್ ಅದನ್ನು 2012ರ ಮಾರ್ಚ್ ಎನ್ನದೆ ಈ ವರ್ಷದ ಮಾರ್ಚ್ 12 ಎಂದುಕೊಳ್ಳುತ್ತದೆ.

ಫೋಲ್ಡರ್ ಮೂರೇ ಸಾಕು: ಮೂಲ ಅಂಕಿ, ಕೋಡ್, ಫಲಿತಾಂಶ. ಮೂಲ ಅಂಕಿಯ ಕಡತವನ್ನು ಇಳಿಸಿದ ಮೇಲೆ ಮುಟ್ಟಬೇಡಿ, ಓದಲಿಕ್ಕೆ ಮಾತ್ರ ಎಂದು ಬೀಗ ಹಾಕಿ. ಜೊತೆಗೊಂದು ಟಿಪ್ಪಣಿ: ಯಾವ ಕೋಷ್ಟಕ, ಯಾವ ಘಟಕ, ಯಾವ ದಿನ ಇಳಿಸಿದ್ದು. ದಿನ ಯಾಕೆಂದರೆ ಜಿಡಿಪಿ ಅಂಕಿ ಹಲವು ಸಲ ಪರಿಷ್ಕರಣೆಯಾಗುತ್ತದೆ. ಫೆಬ್ರವರಿಯಲ್ಲಿ ಬರೆದ ಟಿಪ್ಪಣಿಯನ್ನು ಜೂನಿನ ಅಂಕಿಯಿಂದ ಪರೀಕ್ಷಿಸಿದರೆ ತಾಳೆಯಾಗುವುದಿಲ್ಲ, ಆಗ ಸುಮ್ಮನೆ ನಿಮ್ಮ ಮೇಲೆ ಬರುತ್ತದೆ.

ಪ್ರಶ್ನೆ (ಪೈವಳಿಕೆಯಿಂದ): ಋತುಮಾನದ ಹೊಂದಾಣಿಕೆ ಎಂದರೆ ಗುಂಡಿ ಒತ್ತಿದರೆ ಆಗ್ತದಲ್ಲ?

ಉತ್ತರ (ಅಂಕಿಅಂಶ ವಿಭಾಗದವರು): ಪ್ರತಿ ವರ್ಷ ಅದೇ ಕಾಲಕ್ಕೆ ಬರುವ ಏರಿಳಿತವನ್ನು ಅಂಕಿಯಿಂದ ತೆಗೆಯುವುದೇ ಆ ಹೊಂದಾಣಿಕೆ. ಅದಕ್ಕಿರುವ ಎಕ್ಸ್-13 ಎಂಬ ಪ್ರೋಗ್ರಾಂ ಗುಂಡಿ ಒತ್ತಿದರೆ ಓಡುತ್ತದೆ. ಆದರೆ ಅದು ಅಮೆರಿಕದ ಜನಗಣತಿ ಬ್ಯೂರೋದ್ದು. ಈಸ್ಟರ್, ಥ್ಯಾಂಕ್ಸ್‌ಗಿವಿಂಗ್ ಅದಕ್ಕೆ ಗೊತ್ತು, ದೀಪಾವಳಿ, ಓಣಂ ಗೊತ್ತಿಲ್ಲ. ದೀಪಾವಳಿ ಒಮ್ಮೆ ಅಕ್ಟೋಬರ್, ಒಮ್ಮೆ ನವೆಂಬರ್. ಓಣಂ ಒಮ್ಮೆ ಆಗಸ್ಟ್, ಒಮ್ಮೆ ಸೆಪ್ಟೆಂಬರ್. ಹಬ್ಬದ ದಿನಗಳ ಚರವನ್ನು ನಾವೇ ತಯಾರಿಸಿ ಕೊಡಬೇಕು. ಕೊಡದಿದ್ದರೆ ಹಬ್ಬದ ಖರೀದಿಯನ್ನು ಅದು ಆರ್ಥಿಕತೆಯ ಚೇತರಿಕೆ ಎಂದು ತೋರಿಸುತ್ತದೆ. ಹೊಸ ತಿಂಗಳು ಸೇರಿದಾಗ ಹಳೆಯ ಹೊಂದಾಣಿಕೆಯ ಅಂಕಿಗಳೂ ಸ್ವಲ್ಪ ಬದಲಾಗುತ್ತವೆ, ಗಾಬರಿ ಬೇಡ.

ಪ್ರಶ್ನೆ (ಬದಿಯಡ್ಕದಿಂದ): ಅರ್ಜಿಯ ಜೊತೆ ತೋರಿಸಲು ಒಂದು ಸಣ್ಣ ಕೆಲಸ ಮಾಡಿಟ್ಟುಕೊಳ್ಳಬೇಕು. ನಮ್ಮ ಊರಿನದ್ದೇ ಏನಾದರೂ ಸೂಚಿಸ್ತೀರಾ?

ಉತ್ತರ (ನಿವೃತ್ತ ಅಧಿಕಾರಿ): ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಸಾಲ–ಠೇವಣಿ ಅನುಪಾತ ಹಿಡಿಯಿರಿ. ಜಿಲ್ಲಾವಾರು ಠೇವಣಿ, ಸಾಲದ ತ್ರೈಮಾಸಿಕ ಅಂಕಿ ರಿಸರ್ವ್ ಬ್ಯಾಂಕಿನ ಡಿಬಿಐಇ ಎಂಬ ಅಂಕಿಅಂಶ ತಾಣದಲ್ಲಿ ಉಚಿತ. ಲೆಕ್ಕ ಒಂದು ಸಂಜೆಯದ್ದು, ವಿವರಣೆಯಲ್ಲಿ ಮಾತ್ರ ರುಚಿ. ಇಲ್ಲಿ ಗಲ್ಫ್ ಹಣದ ಠೇವಣಿ ಬರುತ್ತದೆ. ಸಾಲವನ್ನು ಮಂಗಳೂರಿನ ಶಾಖೆ ಮಂಜೂರು ಮಾಡಿ ಹಣ ಇಲ್ಲಿ ಖರ್ಚಾಗಬಹುದು. ಸಾಲ ಮಂಜೂರಾದ ಜಾಗ, ಬಳಕೆಯಾದ ಜಾಗ ಎರಡೂ ಬೇರೆ ಬೇರೆ ಪರಿಕಲ್ಪನೆ. ಯಾವುದನ್ನು ಬಳಸಿದಿರಿ, ಯಾಕೆ ಎಂದು ನಾಲ್ಕು ಸಾಲು ಬರೆದರೆ ಸಂದರ್ಶನದಲ್ಲಿ ಅರ್ಧ ಗಂಟೆ ಮಾತಾಡಲು ವಿಷಯ ಸಿಕ್ಕಿತು.

ಅಡಿಕೆ ಧಾರಣೆ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಮಾಡಬಹುದು, ಆದರೆ ಹೊಸ ಅಡಿಕೆ, ಹಳೆ ಅಡಿಕೆ, ಡಬಲ್ ಚೋಲ್ ಒಂದೇ ಸರಣಿಯಲ್ಲಿ ಬೆರೆತರೆ ಧಾರಣೆ ಜಿಗಿದದ್ದೋ ದರ್ಜೆ ಬದಲಾದದ್ದೋ ಗೊತ್ತಾಗದು. ಒಂದೇ ಮಾರುಕಟ್ಟೆ, ಒಂದೇ ದರ್ಜೆ ಹಿಡಿದರೆ ಮಾತ್ರ ಕೈ ಹಾಕಿ.

ಪ್ರಶ್ನೆ (ಮಂಜೇಶ್ವರದಿಂದ): ಗೋಪ್ಯತೆ ಎಷ್ಟು ಕಟ್ಟುನಿಟ್ಟು ಸರ್? ಮನೆಯಲ್ಲಿ "ಬಡ್ಡಿ ಇಳೀತದಾ" ಅಂತ ಕೇಳಿದ್ರೆ?

ಉತ್ತರ (ನಿವೃತ್ತ ಅಧಿಕಾರಿ): ಪತ್ರಿಕೆಯಲ್ಲಿ ಬಂದಷ್ಟೇ ಗೊತ್ತು ಎನ್ನಿ. ನೀತಿ ಪ್ರಕಟಣೆಗೆ ಏಳು ದಿನ ಮುಂಚೆಯಿಂದ ಏಳು ದಿನ ಆಮೇಲಿನವರೆಗೆ ಸಮಿತಿಯ ಸದಸ್ಯರೇ ಮೌನ ಪಾಲಿಸುತ್ತಾರೆ, ನಾವು ಯಾವ ಲೆಕ್ಕ! ಪ್ರಕಟವಾಗದ ಅಂಕಿಯನ್ನು ಪೆನ್‌ಡ್ರೈವಿಗೆ, ಸ್ವಂತ ಮೇಲ್‌ಗೆ, ವಾಟ್ಸ್‌ಆ್ಯಪಿಗೆ ಹಾಕಬಾರದು. ಕೋಡಿನ ತಪ್ಪು ಹುಡುಕಲು ಎಐ ಚಾಟ್‌ಗೆ ಅಂಟಿಸುವುದೂ ಅದೇ ಅಪರಾಧ. ಬೇಕಿದ್ದರೆ ಸುಳ್ಳು ಅಂಕಿ ಹತ್ತು ಸಾಲು ತಯಾರಿಸಿ ಅದರ ಮೇಲೆ ಕೇಳಿ.

ಪ್ರಶ್ನೆ (ಬದಿಯಡ್ಕದಿಂದ): ಕೊನೆಯದಾಗಿ, ಸಂದರ್ಶನದಲ್ಲಿ ಎಂತ ಕೇಳ್ತಾರೆ? ಇಂಗ್ಲಿಷ್ ಅಷ್ಟು ಸಲೀಸಿಲ್ಲ.

ಉತ್ತರ (ಅಂಕಿಅಂಶ ವಿಭಾಗದವರು): ಅಲಂಕಾರದ ಇಂಗ್ಲಿಷ್ ಬೇಡ ತಂಗಿ, ಸಣ್ಣ ವಾಕ್ಯ ಸಾಕು. ಬುಲೆಟಿನ್ನಿನ ಒಂದು ಲೇಖನದಿಂದ ದಿನಕ್ಕೊಂದು ಚಾರ್ಟು ತೆಗೆದು ಐದು ವಾಕ್ಯದಲ್ಲಿ ಬರೆದು ಅಭ್ಯಾಸ ಮಾಡಿ, ಮೊದಲ ವಾಕ್ಯದಲ್ಲೇ ಅಂಕಿ ಬರಲಿ. ಪ್ರಶ್ನೆಗಳು ಹೆಚ್ಚಾಗಿ ನಿಮ್ಮ ಪ್ರಬಂಧದ ಮೇಲೆಯೇ: ಈ ಕೋಷ್ಟಕದಲ್ಲಿ ವೀಕ್ಷಣೆಗಳ ಸಂಖ್ಯೆ ಹಿಂದಿನದಕ್ಕಿಂತ ಯಾಕೆ ಕಡಿಮೆ? ಈ ಚರವನ್ನು ಲಾಗ್ ಯಾಕೆ ತೆಗೆದುಕೊಂಡಿರಿ? ಸ್ಥಾಯಿತ್ವ (ಸರಣಿಯ ಸರಾಸರಿ, ಏರಿಳಿತ ಕಾಲದೊಂದಿಗೆ ಬದಲಾಗದಿರುವುದು) ಪರೀಕ್ಷಿಸಿದಿರಾ? ಮಾರ್ಗದರ್ಶಕರು ಹೇಳಿದರು ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ. ಪ್ರಬಂಧದ ಕಡತಗಳನ್ನು ಈಗಲೇ ತೆರೆದು ಮೊದಲ ಕೋಷ್ಟಕ ಮತ್ತೆ ಅದೇ ಬರುತ್ತದಾ ಎಂದು ಓಡಿಸಿ ನೋಡಿ. ಬಾರದಿದ್ದರೆ ಯಾವ ಸಾಲಿನಲ್ಲಿ ವ್ಯತ್ಯಾಸ ಬಂತೆಂದು ಇಲ್ಲಿ ಹಾಕಿ, ನೋಡುವ.