ಯುದ್ಧದಲ್ಲಿ ಹತರಾದ ದುಭಾಷಿಗಳ ಮಕ್ಕಳ ಚಿಕಿತ್ಸೆಗೆ ನಮ್ಮ ಟ್ರಸ್ಟ್ ಹೇಗೆ ನೆರವಾಗಬಹುದು?

ಗಂಗಾವತಿಯ ಟ್ರಸ್ಟಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಗಂಗಾವತಿಯಲ್ಲಿ ನಾವು ಹದಿನಾಲ್ಕು ಜನ, ಹೆಚ್ಚಿನವರು ರೈಸ್ ಮಿಲ್ ಮತ್ತು ಕಿರಾಣಿ ವ್ಯಾಪಾರದವರು, ಒಂದು ಸಣ್ಣ ಟ್ರಸ್ಟ್ ನಡೆಸುತ್ತಿದ್ದೇವೆ. ಹೃದಯದ ತೊಂದರೆ ಅಥವಾ ಸೀಳುತುಟಿಯೊಂದಿಗೆ ಹುಟ್ಟಿದ ಬಡ ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ದು, ಸರ್ಕಾರಿ ಯೋಜನೆಗಳು ಭರಿಸದ ಓಡಾಟ, ವಸತಿ ಮತ್ತು ಔಷಧದ ಖರ್ಚು ನೋಡಿಕೊಳ್ಳುತ್ತೇವೆ.

ಅಫ್ಘಾನಿಸ್ತಾನದ ಹೆರಾತ್ ಪ್ರಾಂತ್ಯದಲ್ಲಿ ನಮ್ಮ ದೇಶ ಕಟ್ಟಿಕೊಟ್ಟು 2016ರಲ್ಲಿ ಉದ್ಘಾಟನೆಯಾದ ಸಲ್ಮಾ ಅಣೆಕಟ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಎಂಜಿನಿಯರ್ ಒಬ್ಬರು ಈಗ ಮುನಿರಾಬಾದಿನಲ್ಲಿದ್ದಾರೆ. ಅಲ್ಲಿ ತಮ್ಮ ಜೊತೆಗಿದ್ದ ದುಭಾಷಿಯ ಅಣ್ಣ ವಿದೇಶಿ ಸೈನ್ಯಕ್ಕೆ ದುಭಾಷಿಯಾಗಿದ್ದ ಕಾರಣಕ್ಕೇ ಕೊಲೆಯಾದನೆಂದೂ, ಅಂಥವರ ಮಕ್ಕಳ ಚಿಕಿತ್ಸೆಗೆ ಮಾತ್ರ ಬಳಸುವುದಾದರೆ ದೊಡ್ಡ ಮೊತ್ತ ಕೊಡುವುದಾಗಿಯೂ ಹೇಳಿದ್ದಾರೆ. ಟ್ರಸ್ಟಿನಿಂದ ಹೊರದೇಶಕ್ಕೆ ಹಣ ಕಳಿಸಬಹುದೇ? ಆ ಮಗು ನಿಜಕ್ಕೂ ದುಭಾಷಿಯ ಮಗುವೆಂದು ಖಾತ್ರಿಪಡಿಸಿಕೊಳ್ಳುವುದು ಹೇಗೆ? ದುಡಿಸಿಕೊಂಡ ಸರ್ಕಾರವೇ ಆ ಕುಟುಂಬಗಳನ್ನು ನೋಡಿಕೊಳ್ಳುವುದಿಲ್ಲವೇ? ತಿಳಿದವರು ದಯವಿಟ್ಟು ಹೇಳಿ.

ಬಳ್ಳಾರಿಯ ಲೆಕ್ಕಪರಿಶೋಧಕ

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಸರ್. ಅಮೆರಿಕದ ಗುತ್ತಿಗೆ ಕಂಪನಿಗಳ ಮೂಲಕ ಹೊರದೇಶದ ಸೇನಾ ನೆಲೆಗಳಲ್ಲಿ ದುಡಿಯುವವರಿಗೆ 1941ರ ಡಿಫೆನ್ಸ್ ಬೇಸ್ ಆಕ್ಟ್ ಎಂಬ ಕಾಯ್ದೆಯಡಿ ವಿಮೆ ಇದೆ. ಕೆಲಸದ ಕಾರಣಕ್ಕೆ ಸತ್ತ ದುಭಾಷಿಯ ಪತ್ನಿಗೆ ಅವನ ಸರಾಸರಿ ವೇತನದ ಅರ್ಧದಷ್ಟೂ, ಮಕ್ಕಳಿದ್ದರೆ ಒಟ್ಟು ಮೂರರಲ್ಲಿ ಎರಡು ಭಾಗದವರೆಗೂ ಸಿಗಬೇಕು. ಆದರೆ ಸಾಮಾನ್ಯವಾಗಿ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ವಿದೇಶಿ ಕುಟುಂಬಗಳಿಗೆ ಮುಂದಿನ ಕಂತುಗಳ ಅರ್ಧ ಮೌಲ್ಯವನ್ನಷ್ಟೇ ಒಂದೇ ಸಲ ಕೊಟ್ಟು ಲೆಕ್ಕ ಮುಗಿಸಲೂ ಆ ಕಾಯ್ದೆಯಲ್ಲೇ ಅವಕಾಶವಿದೆ. ಅದಕ್ಕಿಂತ ಮುಖ್ಯವಾಗಿ, ಅದು ಗಾಯಗೊಂಡ ನೌಕರನ ಆಸ್ಪತ್ರೆಯ ಖರ್ಚು ಕೊಡುತ್ತದೆಯೇ ಹೊರತು ಅವನ ಮಗುವಿನ ಶಸ್ತ್ರಚಿಕಿತ್ಸೆಯ ಖರ್ಚನ್ನಲ್ಲ. ತನಗಾಗಿ ದುಡಿದ ಅಫ್ಘನ್ನರಿಗೆ ಅಮೆರಿಕ ಮಾಡಿದ ವಿಶೇಷ ವಲಸೆ ವೀಸಾದ ಕಾನೂನಿನಲ್ಲಿ ಸತ್ತವನ ಪತ್ನಿ ಮತ್ತು ಮಕ್ಕಳಿಗೂ ಷರತ್ತುಗಳೊಂದಿಗೆ ಜಾಗವಿದ್ದರೂ, ಕಾಯಿಲೆಯ ಮಗು ಆ ಕಡತದ ದಾರಿ ಕಾಯುತ್ತ ಕೂರಲಾರದು. ನಿಮ್ಮ ದಾನಿಯ ಹಣಕ್ಕೆ ನಿಜವಾದ ಕೆಲಸ ಇರುವುದು ಇಲ್ಲಿಯೇ.

ಹೊರದೇಶಕ್ಕೆ ಕಳಿಸುವ ವಿಚಾರದಲ್ಲಿ ಎಚ್ಚರ ಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 11(1)(ಸಿ) ಕಲಂ ಕಾಲದಿಂದಲೂ, ನಮ್ಮಂಥ ಟ್ರಸ್ಟುಗಳು ದೇಶದ ಹೊರಗೆ ಮಾಡುವ ಖರ್ಚಿಗೆ ನೇರ ತೆರಿಗೆ ಮಂಡಳಿಯ ವಿಶೇಷ ಆದೇಶವಿಲ್ಲದೆ ವಿನಾಯಿತಿ ಸಿಗುವುದಿಲ್ಲ. ಮಗು ಭಾರತಕ್ಕೆ ಬಂದು ಚಿಕಿತ್ಸೆ ಪಡೆಯುತ್ತಿದ್ದರೆ ಇಲ್ಲಿನ ಆಸ್ಪತ್ರೆಗೇ ನೇರವಾಗಿ ಬಿಲ್ ಕಟ್ಟುವುದು ಸರಿಯಾದ ದಾರಿ. ನಿಮ್ಮ ಟ್ರಸ್ಟ್ ಡೀಡಿನಲ್ಲಿ ಫಲಾನುಭವಿಗಳು ಜಿಲ್ಲೆಯವರೇ ಆಗಿರಬೇಕೆಂಬ ಮಾತಿದೆಯೇ ಎಂದು ಮೊದಲು ನೋಡಿ. ಇದ್ದರೆ ಆ ದಾನಿಯು ಸ್ವಂತ ಹೆಸರಿನಲ್ಲೇ ಆಸ್ಪತ್ರೆಗೆ ಕಟ್ಟುವುದು ಒಳ್ಳೆಯದು.

ರಾಯಚೂರಿನ ನರ್ಸ್

ನಾನು ದೆಹಲಿಯ ಆಸ್ಪತ್ರೆಯೊಂದರ ಮಕ್ಕಳ ಹೃದಯ ವಿಭಾಗದಲ್ಲಿ ಎಂಟು ವರ್ಷ ಕೆಲಸ ಮಾಡಿ ಊರಿಗೆ ಮರಳಿದವಳು. ಖಾತ್ರಿಯ ಬಗ್ಗೆ ನೀವು ಕೇಳಿದ್ದನ್ನು ಓದಿ ಈ ಮಾತು ಬರೆಯಲೇಬೇಕೆನಿಸಿತು.

ನಮ್ಮ ವಾರ್ಡಿಗೆ ಆರು ವರ್ಷದ ಒಬ್ಬ ಅಫ್ಘನ್ ಹುಡುಗ ಬಂದಿದ್ದ. ಹೃದಯದಲ್ಲಿ ರಂಧ್ರವಿತ್ತು, ಅತ್ತರೆ ತುಟಿ ನೀಲಿಗಟ್ಟುತ್ತಿತ್ತು. ಅವನ ತಾಯಿಗೆ ಪಶ್ತೊ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಗಂಡನ ವಿಷಯ ಯಾರು ಕೇಳಿದರೂ ಸುಮ್ಮನಿದ್ದ ಆಕೆ, ಒಂದು ರಾತ್ರಿ ಶಾಲಿನ ಅಂಚಿನ ಗಂಟು ಬಿಚ್ಚಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಕಾಗದ ತೋರಿಸಿದಳು. ಸೈನ್ಯದ ಅಧಿಕಾರಿ ಕೊಟ್ಟ ಪ್ರಶಂಸಾಪತ್ರವದು. ಗಂಡನ ಹೆಸರಿದ್ದ ಸಾಲನ್ನು ಮಾತ್ರ ಕತ್ತರಿಯಿಂದ ನೀಟಾಗಿ ಕತ್ತರಿಸಿ ತೆಗೆದಿದ್ದಳು. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನಿನ ಕೈಗೆ ಹೋದಾಗ ಎಷ್ಟೋ ಮನೆಗಳಲ್ಲಿ ಇಂಥ ಕಾಗದಗಳನ್ನು ಸುಟ್ಟರು. ನಾವು ಖಾತ್ರಿಗೆಂದು ಕೇಳುವ ಕಾಗದವೇ ಅವರ ಪ್ರಾಣಕ್ಕೆ ಕುತ್ತು ತರುವ ಕಾಗದ.

ಕೆಲವು ದಿನಗಳ ನಂತರ ಒಂದು ಸಂಸ್ಥೆಯವರು ಹಣ್ಣಿನ ಬುಟ್ಟಿ, ಬ್ಯಾನರ್ ಮತ್ತು ಕ್ಯಾಮೆರಾದೊಂದಿಗೆ ಬಂದರು. ಆ ತಾಯಿ ಹಾಸಿಗೆಯ ಚಾದರ ಎಳೆದು ಮಗುವಿನ ಮುಖ ಮುಚ್ಚಿದಳು. ಮರುದಿನ ಬೆಳಿಗ್ಗೆ ಹೊಲಿಗೆ ಬಿಚ್ಚುವುದಕ್ಕೂ ಮೊದಲೇ ಮಗುವನ್ನು ಕರೆದುಕೊಂಡು ಹೊರಟುಹೋದಳು. ಆ ಹುಡುಗ ಆಮೇಲೆ ಏನಾದ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ, ಆ ನೋವು ಹೋಗಿಲ್ಲ.

ನಮ್ಮ ಕಡೆ ಸಹಾಯ ಮಾಡಿದ ಕೂಡಲೇ ಫ್ಲೆಕ್ಸ್ ಹಾಕಿಸುವುದು, ಚೆಕ್ ಹಿಡಿದು ಫೋಟೊ ತೆಗೆಸಿ ವಾಟ್ಸಾಪ್ ಗುಂಪಿಗೆ ಹಾಕುವುದು ರೂಢಿಯಾಗಿದೆ. ದಾನಿಗಳಿಗೆ ಅದರಿಂದ ನಂಬಿಕೆ ಹುಟ್ಟುತ್ತದೆ ಎಂಬುದನ್ನು ಒಪ್ಪುತ್ತೇನೆ. ಈ ಮಕ್ಕಳ ವಿಷಯದಲ್ಲಿ ಮಾತ್ರ ಅದನ್ನು ಪೂರ್ತಿ ಕೈಬಿಡಬೇಕು, ಏಕೆಂದರೆ ಊರಿನಲ್ಲಿ ಉಳಿದಿರುವ ಅಜ್ಜ, ಚಿಕ್ಕಪ್ಪಂದಿರವರೆಗೂ ಆ ಫೋಟೊ ತಲುಪುತ್ತದೆ. ತಂದೆಯ ಕೆಲಸವನ್ನು ಹೊರರೋಗಿ ವಿಭಾಗದ ಸಾಲಿನಲ್ಲಿ ಕೇಳಬಾರದು. ದೆಹಲಿಯಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ಕೊಟ್ಟ ಕಾರ್ಡ್ ಇದ್ದರೆ, ಉಳಿದದ್ದನ್ನು ಟ್ರಸ್ಟಿನ ಒಬ್ಬರೇ ತಾಯಿಯೊಡನೆ ಕುಳಿತು ವಿಚಾರಿಸಲಿ. ಕಡತದಲ್ಲಿ ಹೆಸರಿನ ಬದಲು ಸಂಖ್ಯೆ ಇರಲಿ.

ಇನ್ನೊಂದು ಮಾತು. ಆಪರೇಷನ್ನಿನ ಬಿಲ್ಲಿಗೆ ದಾನಿಗಳು ಸಿಗುತ್ತಾರೆ, ಪಶ್ತೊ ಅಥವಾ ದರಿ ಭಾಷೆ ಬಲ್ಲವರ ದಿನಗೂಲಿಗೆ ಯಾರೂ ಸಿಗುವುದಿಲ್ಲ. ಕೃತಕ ಕವಾಟ ಹಾಕಿದ ಮಗುವಿಗೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಎಷ್ಟು ಕೊಡಬೇಕು, ಎಷ್ಟು ದಿನಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು ಎಂಬುದು ತಾಯಿಗೆ ಅವಳ ಭಾಷೆಯಲ್ಲಿ ತಿಳಿಯದಿದ್ದರೆ, ಲಕ್ಷಗಟ್ಟಲೆ ಸುರಿದು ಮಾಡಿಸಿದ ಆಪರೇಷನ್ ಕೈಕೊಡಬಹುದು. ಅದಕ್ಕೂ ಹಣ ತೆಗೆದಿಡಿ.

ಸಿಂಧನೂರಿನ ಓದುಗ

ನಮ್ಮ ಜಿಲ್ಲೆಯ ಮಕ್ಕಳಿಗೇ ಸಾಲದಿರುವಾಗ ಇದೇಕೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ಸಿಂಧನೂರಿನ ಆರ್.ಎಚ್. ಕ್ಯಾಂಪು ಎನ್ನುವ ಪುನರ್ವಸತಿ ಶಿಬಿರಗಳಲ್ಲಿ ನೆಲೆ ಸಿಕ್ಕಿತು. ಅಲ್ಲಿ ಬೆಳೆದವರು ನನ್ನ ಸಹಪಾಠಿಗಳು. ಅವರ ಅಜ್ಜಿಯರ ಕಾಯಿಲೆಯನ್ನು ಡಾಕ್ಟರಿಗೆ ಕನ್ನಡದಲ್ಲಿ ಹೇಳುತ್ತಿದ್ದದ್ದು ಅದೇ ಶಾಲಾ ಮಕ್ಕಳು. ಹಣ ಪ್ರತ್ಯೇಕವಾಗಿ ಬಂದಿರುವಾಗ ನಮ್ಮ ಮಕ್ಕಳ ಪಾಲಿಗೆ ಕೊರತೆಯೇನೂ ಆಗುವುದಿಲ್ಲ.

ಗಂಗಾವತಿಯ ಟ್ರಸ್ಟಿ

ಮೇಡಂ, ನಿಮ್ಮ ಬರಹವನ್ನು ದಾನಿಯವರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತಮ್ಮ ಹೆಸರೂ ಎಲ್ಲಿಯೂ ಬರಬಾರದೆಂದರು. ಡೀಡಿನಲ್ಲಿ 'ಕೊಪ್ಪಳ, ರಾಯಚೂರು ಮತ್ತು ಬಳ್ಳಾರಿ ಜಿಲ್ಲೆಯ ಮಕ್ಕಳು' ಎಂದೇ ಇರುವುದರಿಂದ, ಲೆಕ್ಕಪರಿಶೋಧಕರು ಹೇಳಿದಂತೆ ಅವರೇ ನೇರವಾಗಿ ಆಸ್ಪತ್ರೆಗೆ ಕಟ್ಟುತ್ತಾರೆ. ಓಡಾಟ, ವಿಚಾರಣೆಯ ಹೊಣೆಯನ್ನು ನಾನು ವೈಯಕ್ತಿಕವಾಗಿ ಹೊರುತ್ತೇನೆ. ಪಶ್ತೊ ಬಲ್ಲ, ಬೆಂಗಳೂರಿನಲ್ಲಿ ಓದುತ್ತಿರುವ ವಿದ್ಯಾರ್ಥಿಗಳು ಯಾರಿಗಾದರೂ ಪರಿಚಯವಿದ್ದರೆ ಅವರ ಹೆಸರು ಇಲ್ಲಿ ಬರೆಯದೆ ನನಗೆ ಖಾಸಗಿಯಾಗಿ ತಿಳಿಸಿ.