ಸ್ನೋ ಗೂಸ್ (ಬಿಳಿ ಕಾಡು ಹೆಬ್ಬಾತು) ಶಿಕಾರಿ ಕಮ್ಮಿ ಖರ್ಚಲ್ಲಿ ಶುರು ಮಾಡೋದು ಹೆಂಗೆ? ಮಿಸ್ಸೋರಿಲಿ ಇದೀನಿ, ಹೆಚ್1ಬಿ

ಮೂಡಿಗೆರೆ_ಹೈದ
ಎಲ್ರಿಗೂ ನಮಸ್ಕಾರ. ನಾನಿರೋದು ಕಾನ್ಸಾಸ್ ಸಿಟಿ, ಮಿಸ್ಸೋರಿ ಸೈಡು. ಆಫೀಸಲ್ಲಿ ಒಬ್ಬ ಇದಾನೆ, ಫೆಬ್ರವರಿ ಬಂತು ಅಂದ್ರೆ ಕೆಲಸದ ಮೇಲೆ ಗಮನಾನೇ ಇರಲ್ಲ, ಸ್ನೋ ಗೂಸ್ ಬಂತು ಸ್ನೋ ಗೂಸ್ ಬಂತು ಅಂತ ಕಿಟಕಿ ಕಡೆನೇ ನೋಡ್ತಿರ್ತಾನೆ. ಅವನ ವಿಡಿಯೋ ನೋಡಿ ನಂಗೂ ಹುಚ್ಚು ಹತ್ತಿದೆ, ಆದ್ರೆ ಅವರ ಗ್ಯಾಂಗಲ್ಲಿ ಸಾವಿರಕ್ಕೂ ಮೇಲೆ ಡೆಕಾಯ್ (ಹಕ್ಕಿ ಕರೆಯೋಕೆ ಇಡೋ ಬೊಂಬೆ), ಟ್ರೈಲರ್ರು, ಏನೇನೋ ಮೆಷಿನ್ನು. ಗೈಡ್ ಹತ್ರ ಹೋದ್ರೆ ದಿನಕ್ಕೆ ತಲೆಗೆ 200-300 ಡಾಲರ್ ಕೇಳ್ತಾರೆ. ಮನೇಲಿ ಒಪ್ಪಿರೋದು ಎಲ್ಲಾ ಸೇರಿ 600ಕ್ಕೆ, ಅದೂ ಬಹಳ ಮಾತಾದ್ಮೇಲೆ. ಕೋವಿ ಇಲ್ಲ. ಹೆಚ್1ಬಿ ಮೇಲೆ ಇರೋರು ಕೋವಿ ಮುಟ್ಟಬಹುದಾ ಅನ್ನೋದೇ ಗೊತ್ತಿಲ್ಲ. ಇನ್ನೊಂದು, ಎಷ್ಟು ಬೇಕಾದ್ರೂ ಹೊಡೀಬಹುದು ಅಂತಾನಲ್ಲ ಅವನು, ನಿಜಾನಾ ಬುರುಡೆನಾ?

ಪ್ರೈರಿ_ಗೌಡ
ಮೊದ್ಲು ವೀಸಾ ವಿಷಯ ಮುಗಿಸ್ಕೊಳಿ, ಡೆಕಾಯ್ ಆಮೇಲೆ. ಫೆಡರಲ್ ಕಾನೂನು ಪ್ರಕಾರ ಹೆಚ್1ಬಿ ಥರದ ನಾನ್-ಇಮಿಗ್ರೆಂಟ್ ವೀಸಾದಲ್ಲಿ ಇರೋರು ಕೋವಿ ಆಗ್ಲಿ ತೋಟಾ ಆಗ್ಲಿ ಇಟ್ಕೊಳ್ಳೋ ಹಂಗಿಲ್ಲ, ಕೊಳ್ಳೋದು ಬಿಡಿ ಸ್ನೇಹಿತನ ಕೋವಿ ಕೈಯಲ್ಲಿ ಹಿಡಿದ್ರೂ ತಪ್ಪೇ. ಆದ್ರೆ ಅದಕ್ಕೆ ವಿನಾಯಿತಿಗಳಿವೆ, ನಿಮಗೆ ಬೇಕಾಗಿರೋದು ಇಲ್ಲಿನ ರಾಜ್ಯ ಕೊಟ್ಟಿರೋ ಚಾಲ್ತಿಲಿರೋ ಹಂಟಿಂಗ್ ಲೈಸೆನ್ಸ್. ಅಂದ್ರೆ ಲೈಸೆನ್ಸ್ ಫಸ್ಟು, ಕೋವಿ ಆಮೇಲೆ. ಉಲ್ಟಾ ಮಾಡಬೇಡಿ. ಅಂಗಡೀಲಿ 4473 ಫಾರ್ಮ್ ತುಂಬಿಸ್ತಾರೆ, ಅದ್ರಲ್ಲಿ ವೀಸಾ ಪ್ರಶ್ನೆ ಇರುತ್ತೆ, ಲೈಸೆನ್ಸ್ ಕಾಪಿ, ಐ-94 (ದೇಶಕ್ಕೆ ಬಂದ ದಾಖಲೆ) ಎರಡೂ ಇಟ್ಕೊಂಡು ಹೋಗಿ. ಲೈಸೆನ್ಸ್ ಎಕ್ಸ್‌ಪೈರ್ ಆಯ್ತು ಅಂದ್ರೆ ಮನೇಲಿರೋ ಕೋವಿನೂ ತಲೆನೋವೇ, ಅದಕ್ಕೆ ತಾರೀಕು ನೋಡ್ತಾ ಇರಿ. ಗ್ರೀನ್ ಕಾರ್ಡ್ ಫೈಲ್ ಆಗಿದ್ರೆ ಲಾಯರ್‌ಗೂ ಒಂದು ಮಾತು ಕೇಳಿ, ಅಲ್ಲಿ ಉಳಿತಾಯ ಮಾಡೋಕೆ ಹೋಗಬೇಡಿ.

1967 ಜನವರಿ 1ರಿಂದ ಈಚೆಗೆ ಹುಟ್ಟಿದೋರಿಗೆ ಮಿಸ್ಸೋರಿಲಿ ಹಂಟರ್ ಎಜುಕೇಶನ್ ಬೇಕು, ಆನ್‌ಲೈನ್ ಆಗುತ್ತೆ.

ಲಿಮಿಟ್ ಇಲ್ಲ ಅನ್ನೋದು ನಿಜ, ಬುರುಡೆ ಅಲ್ಲ. ಈ ಹಕ್ಕಿ ಬೇಸಿಗೇಲಿ ಮರಿ ಮಾಡೋದು ಕೆನಡಾದ ಹಡ್ಸನ್ ಬೇ ಸುತ್ತಮುತ್ತ, ಆರ್ಕ್ಟಿಕ್ ಕಡೆ. ಚಳಿಗಾಲದಲ್ಲಿ ಇಲ್ಲಿ ಗದ್ದೆ, ಜೋಳದ ಹೊಲದಲ್ಲಿ ಬಿದ್ದಿರೋ ಕಾಳು ತಿಂದು ತಿಂದು ಸಂಖ್ಯೆ ವಿಪರೀತ ಜಾಸ್ತಿ ಆಗೋಯ್ತು. ಅಲ್ಲಿ ಹೋಗಿ ಹುಲ್ಲನ್ನ ಬೇರು ಸಮೇತ ಕೀಳ್ತವೆ, ಬರಿ ಮಣ್ಣು ಬಿಸಿಲಿಗೆ ಒಣಗಿ ಉಪ್ಪೇರಿ ಮತ್ತೆ ಹುಲ್ಲು ಹುಟ್ಟೋದೇ ಇಲ್ಲ. ಅದಕ್ಕೆ ಸಂಖ್ಯೆ ಇಳಿಸೋಕೆ 1999ರಲ್ಲಿ ಕನ್ಸರ್ವೇಶನ್ ಆರ್ಡರ್ ಅಂತ ತಂದ್ರು, ಲಿಮಿಟ್ ಇಲ್ಲದ್ದು ಇದ್ರಲ್ಲೇ. ಮಾಮೂಲಿ ಸೀಸನ್ನಲ್ಲಿ ಕೋವಿಗೆ ಒಂದು ಸಲಕ್ಕೆ ಮೂರೇ ತೋಟಾ ತುಂಬಬಹುದು, ಎಲೆಕ್ಟ್ರಾನಿಕ್ ಕಾಲರ್ (ಹಕ್ಕಿ ಕೂಗು ಹಾಕೋ ಮೆಷಿನ್) ನಿಷೇಧ. ಇದ್ರಲ್ಲಿ ಎರಡೂ ಸಡಿಲ, ಸೂರ್ಯ ಮುಳುಗಿ ಅರ್ಧ ಗಂಟೆ ತನಕ ಹೊಡೀಬಹುದು. ಮಿಸ್ಸೋರಿಲಿ ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಶುರು, ಏಪ್ರಿಲ್ ಕೊನೆ ತನಕ. ಇದಕ್ಕೇ ಬೇರೆ ಪರ್ಮಿಟ್ ಇದೆ, ಜಾಸ್ತಿ ದುಡ್ಡಿಲ್ಲ, ನೀರುಹಕ್ಕಿ ಶಿಕಾರಿಗೆ ಮಾಮೂಲಿ ಬೇಕಾಗೋ ಫೆಡರಲ್ ಡಕ್ ಸ್ಟ್ಯಾಂಪ್ ಇದಕ್ಕೆ ಬೇಕಿಲ್ಲ. ಸೀಸದ ಚರೆ ಮಾತ್ರ ಬೇಡ, ನೀರುಹಕ್ಕಿಗೆ 1991ರಿಂದ ಇಡೀ ದೇಶದಲ್ಲೇ ಬ್ಯಾನು.

ಕುಶಾಲನಗರ_ಕೋವಿ
ಗೌಡ್ರು ಕಾನೂನು ಹೇಳಿದ್ರು, ನಾನು ದುಡ್ಡಿನ ಲೆಕ್ಕ ಹೇಳ್ತೀನಿ. 600ರಲ್ಲಿ ಡೆಕಾಯ್‌ಗೆ ಒಂದು ರೂಪಾಯಿನೂ ಹಾಕಬೇಡ ಮಾರಾಯ. ಐವತ್ತು ಡೆಕಾಯ್ ಇಟ್ರೆ ಹತ್ತು ಸಾವಿರದ ಹಿಂಡು ತಿರುಗೂ ನೋಡಲ್ಲ. ಸೆಕೆಂಡ್ ಹ್ಯಾಂಡ್ 12 ಬೋರ್ ಪಂಪ್ ತಗೋ, ಮಾಸ್‌ಬರ್ಗ್ 500 ಇಲ್ಲ ರೆಮಿಂಗ್ಟನ್ 870, ಹುಡುಕಿದ್ರೆ 300 ಆಸುಪಾಸಿಗೆ ಸಿಗುತ್ತೆ. ಮಾಡಿಫೈಡ್ ಚೋಕ್ (ನಳಿಗೆ ಬಾಯಿ ಬಿಗಿ ಮಾಡೋದು), ಮೂರಿಂಚು ಸ್ಟೀಲ್ ತೋಟಾ, ಚರೆ ಸೈಜು ಬಿಬಿ ಇಲ್ಲ 2ನೇ ನಂಬರ್. ಉಳಿದಿದ್ದೆಲ್ಲ ಪೆಟ್ರೋಲ್‌ಗೆ.

ಯಾಕೆ ಪೆಟ್ರೋಲ್ ಅಂದ್ರೆ ಈ ಶಿಕಾರಿಲಿ ಮುಕ್ಕಾಲು ಪಾಲು ಹುಡುಕೋದೇ. ಬೆಳಗ್ಗೆ ಹಕ್ಕಿ ನೀರು ಬಿಟ್ಟು ಯಾವ ಹೊಲಕ್ಕೆ ಹೋಗ್ತವೆ ನೋಡು, ಹೊಲ ಯಾರದ್ದು ಅಂತ ಫೋನಿನ ಮ್ಯಾಪ್ ಆ್ಯಪಲ್ಲಿ ಗೊತ್ತಾಗುತ್ತೆ, ಹೋಗಿ ಬಾಗಿಲು ತಟ್ಟಿ ಮರ್ಯಾದೆಯಾಗಿ ಕೇಳು. ಜಿಂಕೆ ಶಿಕಾರಿಗೆ ಬಿಡದೇ ಇರೋ ರೈತ ಕೂಡ ಈ ಹಕ್ಕಿಗೆ ಎಷ್ಟೋ ಸಲ ಹೂಂ ಅಂತಾನೆ, ಗೋಧಿ ತಿಂದು ಹಾಳು ಮಾಡ್ತವಲ್ಲ. ಗಾಡಿ ಹೊಲಕ್ಕೆ ಇಳಿಸಲ್ಲ, ನಡ್ಕೊಂಡೇ ಹೋಗ್ತೀನಿ ಅಂತ ನೀನೇ ಮೊದ್ಲು ಹೇಳ್ಬಿಡು, ಮಾರ್ಚ್ ಕೆಸರಲ್ಲಿ ಚಕ್ರದ ಗುರುತು ಬಿದ್ರೆ ಮುಂದಿನ ವರ್ಷ ಬಾಗಿಲು ತೆಗೆಯಲ್ಲ.

ಆಮೇಲೆ ಚರಂಡಿ, ಬದು ಯಾವುದಾದ್ರೂ ಮರೆ ಹಿಡಿದು ತೆವಳ್ಕೊಂಡು ಹೋಗೋದು. ಮಣ್ಣು ಬಣ್ಣದ ಹಳೇ ಜಾಕೆಟ್ ಸಾಕು. ಹಿಂಡಿನ ಅಂಚಲ್ಲಿ ಒಂದಷ್ಟು ಹಕ್ಕಿ ತಿನ್ನದೆ ಕತ್ತು ನೆಟ್ಟಗೆ ಮಾಡ್ಕೊಂಡು ನಿಂತಿರ್ತವೆ, ನೀನು ನೋಡ್ಬೇಕಾಗಿರೋದು ಅವನ್ನೇ. ತಿನ್ನೋ ಗದ್ದಲ ಜೋರಾಗಿದೆ ಅಂದ್ರೆ ಮುಂದೆ ಹೋಗು, ಗದ್ದಲ ಒಂದೇ ಸಲ ನಿಂತ್ರೆ ನೀನೂ ಮುಖ ಮಣ್ಣಿಗಿಟ್ಟು ಬಿದ್ಕೋ. 35 ಗಜದ ಆಚೆ ಹೊಡೀಬೇಡ, ಗಾಯ ಆಗಿ ಹಾರಿ ಹೋಗಿ ಎಲ್ಲೋ ಸಾಯುತ್ತೆ.

ಒಂದು ಮಾತು ಮಾತ್ರ ಮರೀಬೇಡ. ಬೆಳ್ಳಗೆ ಕಂಡಿದ್ದೆಲ್ಲ ಹಕ್ಕಿ ಅಲ್ಲ. ದೂರದಿಂದ ಹಿಂಡು ಅಂತ ಕಾಣೋದು ಇನ್ಯಾರೋ ಇಟ್ಟಿರೋ ಡೆಕಾಯ್ ಇರ್ಬಹುದು, ಅದ್ರ ಮಧ್ಯ ಬಿಳಿ ಬಟ್ಟೆ ಹಾಕ್ಕೊಂಡು ಮನುಷ್ಯರು ಮಲಗಿರ್ತಾರೆ. ಬೈನಾಕ್ಯುಲರ್ ಇಲ್ದೆ ತೆವಳೋಕೆ ಶುರು ಮಾಡ್ಲೇಬೇಡ. ರಸ್ತೆಯಿಂದ, ಗಾಡಿಯಿಂದ ಹೊಡೆಯೋ ಹಂಗೂ ಇಲ್ಲ.

ನೆಬ್ರಾಸ್ಕ_ನಾಗಣ್ಣ
ಕೋವಿ ಅಣ್ಣನ ಮಾತು ನಾನು ಅರ್ಧ ಒಪ್ತೀನಿ ಅಷ್ಟೇ. ತೆವಳಿ ಹೊಡೆದ್ರೆ ಆ ಹಿಂಡು ಹೊಲ ಬಿಟ್ಟು ಜಿಲ್ಲೆನೇ ದಾಟುತ್ತೆ, ಪಕ್ಕದ ಹೊಲದಲ್ಲಿ ಬೆಳಗಿನ ಜಾವದಿಂದ ಡೆಕಾಯ್ ಇಟ್ಕೊಂಡು ಕೂತಿರೋನ ಹೊಟ್ಟೆ ಉರಿಯಲ್ವಾ. ಮೂಡಿಗೆರೆಯವ್ರೇ, ನಿಮ್ಮ ಆಫೀಸಿನವನ ಹತ್ರ ಡೆಕಾಯ್ ಇದೆ ಅಂದ್ರಿ, ಅದನ್ನ ನೆಡೋಕೆ, ಕೀಳೋಕೆ ಅವನಿಗೆ ಆಳು ಬೇಕೇ ಬೇಕು. ಬೆಳಗಿನ ಜಾವ ಮೂರಕ್ಕೆ ಬರ್ತೀನಿ, ಸಂಜೆ ಕೆಸರಲ್ಲಿ ಕೊನೇ ಡೆಕಾಯ್ ಚೀಲಕ್ಕೆ ಹಾಕೋ ತನಕ ಇರ್ತೀನಿ ಅಂತ ಹೇಳಿ, ಡೀಸೆಲ್‌ಗೆ ಪಾಲು ಕೊಡಿ, ಬೇಡ ಅನ್ನೋ ಶಿಕಾರಿಯವನನ್ನ ನಾನಂತೂ ನೋಡಿಲ್ಲ.

ಡೆಕಾಯ್ ನಿಮ್ಮದೇ ಬೇಕು ಅಂದ್ರೆ ಬಿಳಿ ಪ್ಲಾಸ್ಟಿಕ್ ಶೀಟು ಕತ್ತರಿಸಿ ಕಡ್ಡಿಗೆ ಕಟ್ಟಿ, ಗಾಳಿ ತುಂಬಿಕೊಂಡ್ರೆ ದೂರಕ್ಕೆ ಹಕ್ಕಿನೇ. ಹಿಂದಿನವ್ರು ಹಂಗೇ ಮಾಡ್ತಿದ್ದಿದ್ದು. ಗಾಳಿ ಇಲ್ಲದ ದಿನ ಮಾತ್ರ ಅದು ಒಣಗಾಕಿರೋ ಬನಿಯನ್ ಥರ ಜೋತು ಬೀಳುತ್ತೆ, ಆವತ್ತು ಮನೇಲಿರಿ.

ಇನ್ನು ಟೈಮಿಂಗು. ಮುಂದೆ ಬರೋ ಹಿಂಡಲ್ಲಿ ಮುದಿ ಹಕ್ಕಿಗಳು ಜಾಸ್ತಿ, ಎಷ್ಟೋ ವರ್ಷ ಈ ಕೋವಿ ಸದ್ದು ಕೇಳಿರೋವು, ಯಾವ ಮೋಸಕ್ಕೂ ಇಳಿಯಲ್ಲ. ಹಿಂದೆ ಉಳಿದು ಬರೋವು ಬೂದು ಬಣ್ಣದ ಮರಿಗಳು, ಹೋದ ವರ್ಷ ಹುಟ್ಟಿದ್ದು, ಇವು ಕರೆದ್ರೆ ಬರ್ತವೆ. ಹಿಂಡುಗಳೆಲ್ಲ ಹಿಮ ಕರಗೋ ಗೆರೆ ಹಿಂದೇನೇ ಹೋಗೋದು, ಫೆಬ್ರವರಿಲಿ ಅರ್ಕಾನ್ಸಾ, ಆಮೇಲೆ ನೀವು ನಾವು, ಮಾರ್ಚ್ ಕೊನೆ ಏಪ್ರಿಲ್‌ಗೆ ಡಕೋಟಾ. ರಜ ಒಂದೇ ದಿನ ಇದ್ರೆ ಹಿಂಡಿನ ಬಾಲ ಬರೋ ಹೊತ್ತಿಗೆ ಇಟ್ಕೊಳಿ.

ಗದಗಿನ_ಗಿರಿಜಕ್ಕ
ಅಲ್ರೀ ತಮ್ಮಾ, ಕೋವಿ ಯಾಕ ಬೇಕ್ರೀ? ನಮ್ಮ ಮಾಗಡಿ ಕೆರಿಗೆ ಮಂಗೋಲಿಯಾ ಕಡಿಂದ ಹೆಬ್ಬಾತು ಬರ್ತಾವ, ಊರ ಮಂದಿ ಒಂದು ಕಲ್ಲೂ ಒಗ್ಯಂಗಿಲ್ಲ. ನಿಮ್ಮಲ್ಲೇ ಮೌಂಡ್ ಸಿಟಿ ಹತ್ರ ಲೆಸ್ ಬ್ಲಫ್ಸ್ ಅಂತ ಹಕ್ಕಿಧಾಮ ಐತಿ, ಮಗನ ಮನಿಗೆ ಬಂದಾಗ ನೋಡೀನಿ, ಕಾರಾಗ ಕುಂತs ಸುತ್ತು ಹಾಕಬಹುದು. ಒಂದs ಸಲಕ್ಕ ಎಲ್ಲಾ ಎದ್ದೂವಂದ್ರ ಮಗ್ಗಲಿನವ್ರ ಮಾತು ಕೇಳಂಗಿಲ್ಲ.

ಪ್ರೈರಿ_ಗೌಡ
ಅಕ್ಕ, ಮಾಗಡಿ ಕೆರೆ ಹಕ್ಕಿ ಬೇರೆ, ಪಟ್ಟೆತಲೆ ಹೆಬ್ಬಾತು, ಅದು ಅಲ್ಲಿ ಹೀಗೆ ಸಂಖ್ಯೆ ವಿಪರೀತ ಆಗಿ ಜಾಗ ಕೆಡಿಸ್ತಿಲ್ಲ. ನಾವಿಬ್ರೂ ಇದ್ರಲ್ಲಿ ಒಪ್ಪಲ್ಲ ಬಿಡಿ. ಆದ್ರೆ ಲೆಸ್ ಬ್ಲಫ್ಸ್‌ಗೆ ಮೊದ್ಲು ಹೋಗಿ ಅನ್ನೋದು ಒಳ್ಳೇ ಸಲಹೆ, ಕೆಲವು ವರ್ಷ ಅಲ್ಲಿ ಹತ್ತು ಲಕ್ಷಕ್ಕೂ ಮೇಲೆ ಸೇರ್ತವೆ, ಬೆಳಗ್ಗೆ ಯಾವ ದಿಕ್ಕಿಗೆ ಹಾರ್ತವೆ ಅನ್ನೋದು ಪುಕ್ಕಟೆ ಗೊತ್ತಾಗುತ್ತೆ.

ಮೂಡಿಗೆರೆ_ಹೈದ
ಎಲ್ರಿಗೂ ಥ್ಯಾಂಕ್ಸ್. ಆಳಾಗಿ ಹೋಗೋದೇ ಸರಿ ಅನ್ಸುತ್ತೆ, ಲೈಸೆನ್ಸ್ ಕೈಗೆ ಬರೋ ತನಕ ಕೋವಿ ಮುಟ್ಟದೆ ಬರೀ ಡೆಕಾಯ್ ಹೊರ್ತೀನಿ. ಮಾಂಸ ಹೆಂಗಿರುತ್ತೆ? ಇಲ್ಲಿನವ್ರು ಚೆನ್ನಾಗಿಲ್ಲ ಅಂತಾರೆ.

ಕುಶಾಲನಗರ_ಕೋವಿ
ಅವರಿಗೆ ಮಾಡೋಕೆ ಬರಲ್ಲ ಅಷ್ಟೇ. ಎದೆ ಮಾಂಸ ಕೆಂಪಗೆ, ಕುರಿ ಥರ ಗಟ್ಟಿ. ಒಂದು ರಾತ್ರಿ ಉಪ್ಪುನೀರಲ್ಲಿಟ್ಟು, ಪಂದಿ ಕರಿಗೆ ಹುರಿಯೋ ಹಂಗೆ ಮೆಣಸು ಜೀರಿಗೆ ಕಪ್ಪಗೆ ಹುರಿದು, ಕುಕ್ಕರಲ್ಲಿ ಬೇಯಿಸಿ ಕೊನೆಗೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕು. 2022ರಿಂದ ಹಕ್ಕಿಜ್ವರ ಓಡಾಡ್ತಿದೆ, ಕ್ಲೀನ್ ಮಾಡುವಾಗ ಗ್ಲೌಸ್ ಹಾಕ್ಕೋ, ತೂಕಡಿಸ್ತಿರೋ ಹಕ್ಕಿ ಕಂಡ್ರೆ ಮುಟ್ಟಬೇಡ. ಹೊಲದಲ್ಲೇ ಪೂರ್ತಿ ಕತ್ತರಿಸಿ ತರಬೇಡ, ಯಾವ ಹಕ್ಕಿ ಅಂತ ಗೊತ್ತಾಗೋಕೆ ತಲೆ ಇಲ್ಲ ಒಂದು ರೆಕ್ಕೆ ಪುಕ್ಕ ಸಮೇತ ಮನೆ ತನಕ ಇರ್ಬೇಕು. ಕಾಚಂಪುಳಿ ಇಲ್ದಿದ್ರೆ ಮೆಸೇಜ್ ಹಾಕು, ಊರಿಂದ ತಂದಿರೋದು ಒಂದು ಬಾಟ್ಲಿ ಜಾಸ್ತಿ ಇದೆ.