ಗಾಳಿ ತಾಗಿದರೆ ಕೆಡುವ ಔಷಧಕ್ಕೆ ಎಂಥ ಸ್ಪ್ರೇ? ಮಾಡಿ ನೋಡಿದವರು ಹೇಳಿ

ಪ್ರಶ್ನೆ (ಎಂ.ಫಾರ್ಮ್ ವಿದ್ಯಾರ್ಥಿನಿ, ಕಲಬುರಗಿ)

ಎಲ್ಲರಿಗೂ ನಮಸ್ಕಾರ ರೀ. ಪ್ರಾಜೆಕ್ಟಿಗೆ ಮೂಗಿಗೆ ಹೊಡೆಯುವ ಸ್ಪ್ರೇ ಮಾಡುತ್ತಿದ್ದೇನೆ. ಔಷಧ ಅಡ್ರಿನಲಿನ್. ಗಾಳಿ ತಾಗಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕಂದು. ಸಾಮಾನ್ಯ ನೇಸಲ್ ಪಂಪು ಹಾಕಿದೆವು, ಸ್ವಲ್ಪ ದಿನಕ್ಕೇ ಬಣ್ಣ ಬಂತು. ಗೈಡ್ ಸರ್ ಪ್ರಿಸರ್ವೇಟಿವ್ (ಕ್ರಿಮಿ ಬೆಳೆಯದಂತೆ ಔಷಧಕ್ಕೆ ಹಾಕುವ ರಾಸಾಯನಿಕ) ಬೇಡದ ಪಂಪು ತರಿಸು ಅಂತಾರೆ. ಅದು ದುಬಾರಿ. ಅದರಿಂದ ಕೆಲಸ ಆಗುತ್ತಾ? ಇಲ್ಲಾ ಪಂಪನ್ನೇ ನಾವು ಡಿಸೈನ್ ಮಾಡಬೇಕಾ?

ಉತ್ತರ (ಔಷಧ ಕಾರ್ಖಾನೆಯ ಪ್ಯಾಕೇಜಿಂಗ್ ವಿಭಾಗ, ಹುಮನಾಬಾದ್)

ತಂಗಿ, ದುಡ್ಡು ಕೊಡುವ ಮೊದಲು ಇದನ್ನು ಓದು. ಸಾಮಾನ್ಯ ಪಂಪು ಒಮ್ಮೆ ಒತ್ತಿದರೆ 100 ಮೈಕ್ರೋಲೀಟರ್ ಔಷಧ ಹೊರಗೆ ಬರುತ್ತದೆ. ಅಷ್ಟೇ ಜಾಗಕ್ಕೆ ಗಾಳಿ ಒಳಗೆ ಹೋಗುತ್ತದೆ. ಹೋಗಲೇಬೇಕು, ಇಲ್ಲದಿದ್ದರೆ ಮುಂದಿನ ಸಲ ಪಂಪು ಎಳೆಯೋದೇ ಇಲ್ಲ. ಅದಕ್ಕೆ ಬೇಕಂತಲೇ ದಾರಿ ಬಿಟ್ಟಿರುತ್ತಾರೆ. ನಿನ್ನ ಪಂಪು ಕೆಟ್ಟಿಲ್ಲ, ಸರಿಯಾಗಿ ಕೆಲಸ ಮಾಡಿದ್ದಕ್ಕೇ ಔಷಧ ಕೆಟ್ಟಿದೆ.

ಗೈಡ್ ಸರ್ ಹೇಳುವ ಪಂಪುಗಳಲ್ಲಿ ಬಹಳಷ್ಟಕ್ಕೆ ಆ ದಾರಿಯಲ್ಲೊಂದು ಫಿಲ್ಟರ್ ಇರುತ್ತದೆ. ಅದು ತಡೆಯೋದು ಬ್ಯಾಕ್ಟೀರಿಯಾವನ್ನು. ಆಕ್ಸಿಜನ್ ಆರಾಮಾಗಿ ದಾಟಿ ಹೋಗುತ್ತದೆ. ನಿನಗೆ ಬೇಕಿರೋದು ಗಾಳಿಯನ್ನೇ ಒಳಗೆ ಬಿಡದ ಪಂಪು. ಅಂದರೆ ಔಷಧ ಖಾಲಿಯಾದ ಹಾಗೆ ಕುಗ್ಗುತ್ತಾ ಹೋಗುವ ಅಲ್ಯುಮಿನಿಯಂ ಪದರದ ಚೀಲ, ಮೇಲೆ ಡೋಸ್ ಅಳೆಯುವ ಪಂಪು. ಇದರ ಅಣ್ಣನಂಥದ್ದು ಬ್ಯಾಗ್ ಆನ್ ವಾಲ್ವ್. ಡಬ್ಬಿಯೊಳಗೆ ಚೀಲ, ಚೀಲದ ಹೊರಗೆ ಒತ್ತಿ ತುಂಬಿದ ಗಾಳಿ ಅಥವಾ ನೈಟ್ರೋಜನ್. ಮೂಗು ತೊಳೆಯುವ ಸಲೈನ್ ಸ್ಪ್ರೇಗಳು ಹೀಗೇ ಬರುತ್ತವೆ. ಆದರೆ ಅದು ಒತ್ತಿದಷ್ಟು ಹೊತ್ತು ಸುರಿಯುತ್ತಲೇ ಇರುತ್ತದೆ. ಸಲೈನ್‌ಗೆ ನಡೆಯುತ್ತದೆ, ಅಡ್ರಿನಲಿನ್‌ಗೆ ನಡೆಯಲ್ಲ.

ಇನ್ನೊಂದು ಲೆಕ್ಕ. ಗಾಳಿ ತಾಗಿದ ನೀರು 25 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಕ್ಸಿಜನ್ ಹಿಡಿದಿರುತ್ತದೆ. 10 ಎಂ.ಎಲ್. ಔಷಧದಲ್ಲಿ ಅದು 0.08 ಮಿಲಿಗ್ರಾಂ ಅಷ್ಟೇ. ಅದೇ ಬಾಟಲಿಯ ಕತ್ತಿನಲ್ಲಿ 1 ಎಂ.ಎಲ್. ಗಾಳಿ ಉಳಿದರೆ ಅದರಲ್ಲಿ ಸುಮಾರು 0.27 ಮಿಲಿಗ್ರಾಂ ಇರುತ್ತದೆ, ಮೂರು ಪಟ್ಟಿಗಿಂತ ಜಾಸ್ತಿ. ಎಲ್ಲರೂ ದ್ರಾವಣದೊಳಗೆ ನೈಟ್ರೋಜನ್ ಗುಳ್ಳೆ ಬಿಟ್ಟು ಖುಷಿಪಡುತ್ತಾರೆ, ಮೇಲಿನ ಜಾಗ ಮರೆಯುತ್ತಾರೆ. ಮುಚ್ಚುವ ಕ್ಷಣದಲ್ಲಿ ಅಲ್ಲಿಗೂ ನೈಟ್ರೋಜನ್ ಹಾಯಿಸು.

ಮೆಟಾಬೈಸಲ್ಫೈಟ್ ಎಂಬ ಸಲ್ಫೈಟ್ ಜಾತಿಯ ರಾಸಾಯನಿಕ ಹಾಕಿದರೆ ಸಾಕು ಅಂತ ಯಾರಾದರೂ ಹೇಳಬಹುದು. ಅದು ತಾನೇ ಆಕ್ಸಿಜನ್ ತಿಂದು ಮುಗಿಯುತ್ತದೆ. ಒಳಗೆ ಗಾಳಿ ಬರುತ್ತಲೇ ಇದ್ದರೆ ಎಷ್ಟು ದಿನ ತಡೆದೀತು? ಮೇಲಾಗಿ ಕೆಲವು ಅಸ್ತಮಾ ರೋಗಿಗಳಿಗೆ ಸಲ್ಫೈಟ್ ಆಗಿಬರಲ್ಲ.

ಉತ್ತರ (ಪ್ಲಾಸ್ಟಿಕ್ ಮೋಲ್ಡಿಂಗ್ ಕೆಲಸ, ಕಪನೂರು)

ಪಂಪು ಡಿಸೈನ್ ಮಾಡೋಕೆ ಹೋಗಬೇಡ್ರಿ ಮೇಡಂ, ಸಿಗೋದನ್ನೇ ತರಿಸಿ. ನಳಿಕೆಯ ತುದಿಯಲ್ಲಿ ಕಣ್ಣಿಗೆ ಸರಿಯಾಗಿ ಕಾಣದ ಸುಳಿ ಕಾಲುವೆಗಳು ಇರುತ್ತವೆ, ಹನಿ ಒಡೆಯೋದೇ ಅಲ್ಲಿ. ಕಾಲೇಜಿನ 3ಡಿ ಪ್ರಿಂಟರಿಗೆ ಅದು ಬರಲ್ಲ. ಹಿಡಿಕೆ, ಕ್ಯಾಪು ಬೇಕಾದರೆ ಪ್ರಿಂಟ್ ಮಾಡಿಕೊಳ್ಳಿ.

ಬಾಟಲಿ ವಿಷಯ. ಪಾಲಿಪ್ರೊಪಿಲಿನ್, ಪಾಲಿಥಿನ್ ನೀರಿನ ಆವಿ ತಡೆಯುತ್ತವೆ, ಆಕ್ಸಿಜನ್ ಬಿಡುತ್ತವೆ. ಪೆಟ್ ಸ್ವಲ್ಪ ವಾಸಿ. ಇವಿಓಎಚ್ ಅನ್ನೋ ಪ್ಲಾಸ್ಟಿಕ್ ಆಕ್ಸಿಜನ್ ಬಹಳ ಚೆನ್ನಾಗಿ ತಡೆಯುತ್ತದೆ, ಆದರೆ ತೇವ ಹೀರಿದರೆ ಆ ಗುಣ ಹೋಗುತ್ತದೆ. ಅದಕ್ಕೇ ಎರಡು ಪದರದ ನಡುವೆ ಇಡುತ್ತಾರೆ. ಸಪ್ಲೈಯರ್ ಹತ್ತಿರ ಔಷಧ ತಾಗುವ ದಾರಿಯಲ್ಲಿ ಸ್ಟೀಲ್ ಸ್ಪ್ರಿಂಗ್, ಗೋಲಿ ಇದೆಯಾ ಅಂತಲೂ ಕೇಳಿ. ಕಬ್ಬಿಣದ ಅಂಶ ಚೂರು ಬಿಟ್ಟರೂ ಇಂಥ ಔಷಧ ಬೇಗ ಕೆಡುತ್ತದೆ ಅಂತ ಫಾರ್ಮಾದವರೇ ನಮಗೆ ಹೇಳಿದ್ದು.

ಉತ್ತರ (ಸ್ಟಾಫ್ ನರ್ಸ್, ಯಾದಗಿರಿ)

ನನಗೆ ಕೆಮಿಸ್ಟ್ರಿ ಗೊತ್ತಿಲ್ಲ, ರೋಗಿಗಳು ಗೊತ್ತು. ಅಡ್ರಿನಲಿನ್ ಬೇಕಾಗೋದು ಅಲರ್ಜಿ ಜೋರಾಗಿ ಉಸಿರು ಕಟ್ಟುವಾಗ. ದಿನಾ ಹೊಡೆಯುವ ಔಷಧ ಅಲ್ಲ ಅದು. ಹಾಗಿದ್ದ ಮೇಲೆ ತಿಂಗಳುಗಟ್ಟಲೆ ಬಳಸುವ ಬಾಟಲಿ ಯಾಕಮ್ಮ? ಒಂದೇ ಡೋಸ್ ತುಂಬಿದ್ದು ಮಾಡು, ಹೊಡಿ, ಬಿಸಾಡು.

ಆದರೆ ಒಂದು ಮಾತು. ನಮ್ಮ ಜನ ಏನು ಕೊಟ್ಟರೂ ಮೊದಲು ಗಾಳಿಯಲ್ಲಿ ಒಂದು ಸಲ ಒತ್ತಿ ನೋಡುತ್ತಾರೆ. "ಬರ್ತದೋ ಇಲ್ಲೋ ನೋಡ್ದೆ ರೀ ಅಕ್ಕಾ" ಅಂತಾರೆ. ಒಂದೇ ಡೋಸ್ ಇದ್ದರೆ ಅಲ್ಲಿಗೆ ಮುಗೀತು. ಬರೆದಿದ್ದನ್ನು ಯಾರೂ ಓದಲ್ಲ, ಚಿತ್ರ ಹಾಕು. ಕೈ ನಡುಗುವವರು, ಬಲ ಇಲ್ಲದ ಅಜ್ಜಿಯಂದಿರು ಒತ್ತಬಲ್ಲರಾ ಅಂತ ಖಾಲಿ ಡಬ್ಬಿ ಕೊಟ್ಟು ನೋಡು.

ಉತ್ತರ (ಹುಮನಾಬಾದ್‌ನವರು ಮತ್ತೆ)

ಅಕ್ಕಾವ್ರು ಹೇಳಿದ್ದೇ ಸರಿ, ನಾನು ಇಡೀ ಪುರಾಣ ಬರೆದೆ. ಅಮೆರಿಕದ ಎಫ್‌ಡಿಎ 2024ರ ಆಗಸ್ಟ್‌ನಲ್ಲಿ ಒಪ್ಪಿದ ನೆಫಿ ಎಂಬ ಅಡ್ರಿನಲಿನ್ ಮೂಗಿನ ಸ್ಪ್ರೇ ಒಂದೇ ಡೋಸಿನದು. 2015ರಲ್ಲಿ ಒಪ್ಪಿದ ನಾರ್ಕ್ಯಾನ್ (ಅಫೀಮು ಜಾತಿಯ ಮಾದಕ ವಸ್ತು ಅತಿಯಾದಾಗ ಮೂಗಿಗೆ ಹೊಡೆಯುವ ಸ್ಪ್ರೇ) ಕೂಡ ಹಾಗೇ. ಇಂಥವುಗಳಲ್ಲಿ ಪುಟ್ಟ ಗಾಜಿನ ಕುಪ್ಪಿ, ರಬ್ಬರ್ ಮುಚ್ಚಳ, ಒತ್ತಿದಾಗ ಒಳಗಿನ ಸೂಜಿ ರಬ್ಬರ್ ಚುಚ್ಚುತ್ತದೆ. ಗಾಜು ಆಕ್ಸಿಜನ್ ಬಿಡಲ್ಲ. ತೆರೆದ ಮೇಲೆ ಕೆಡುವ ಪ್ರಶ್ನೆಯೇ ಬರಲ್ಲ. ಉಳಿಯೋದು ತುಂಬುವಾಗಿನ ಗಾಳಿ ಮತ್ತು ರಬ್ಬರ್ ಮುಚ್ಚಳ, ಎರಡೇ.

ಉತ್ತರ (ಕೆಮಿಸ್ಟ್ರಿ ಲೆಕ್ಚರರ್, ಬೀದರ್)

ದುಬಾರಿ ಮೀಟರ್ ಇಲ್ಲದೆ ಗಾಳಿ ಪರೀಕ್ಷೆ ಮಾಡಬಹುದು. ಗ್ಲೂಕೋಸ್, ಕಾಸ್ಟಿಕ್ ಸೋಡಾ, ಒಂದೆರಡು ಹನಿ ಮೆಥಿಲೀನ್ ಬ್ಲೂ. ಆಕ್ಸಿಜನ್ ಮುಗಿದರೆ ಬಣ್ಣ ಹೋಗುತ್ತದೆ, ಸಿಕ್ಕರೆ ನೀಲಿ. ಪಾರದರ್ಶಕ ಬಾಟಲಿಗೆ ಕಂಠಪೂರ್ತಿ ತುಂಬಿ, ಬಣ್ಣ ಹೋದ ಮೇಲೆ ಪಂಪು ಒತ್ತುತ್ತಾ ಹೋಗಿ. ಗಾಳಿ ಬಿಡುವ ಪಂಪಾದರೆ ಕತ್ತಿನ ಹತ್ತಿರ ನೀಲಿ ಉಂಗುರ ಮೂಡುತ್ತದೆ. ನಿಮ್ಮ ಗೈಡ್‌ಗೆ ಫಿಲ್ಟರ್ ಪಂಪಿನಲ್ಲಿ ಇದನ್ನೇ ತೋರಿಸಿ, ವಾದ ಬೇಕಾಗಲ್ಲ. ಕಾಸ್ಟಿಕ್ ಹನಿ ಕಣ್ಣಿಗೆ ಬಿದ್ದರೆ ಕಷ್ಟ, ಆದ್ದರಿಂದ ಕನ್ನಡಕ, ಗ್ಲೌಸ್ ಹಾಕಿ ಫ್ಯೂಮ್ ಹುಡ್‌ನಲ್ಲೇ ಮಾಡಿ, ಅಲ್ಯುಮಿನಿಯಂ ಚೀಲಕ್ಕೆ ಹಾಕಬೇಡಿ. ದ್ರಾವಣ ಕೆಲವೇ ಗಂಟೆಯಲ್ಲಿ ಹಳದಿಯಾಗುತ್ತದೆ, ಪ್ರತಿ ಸಲ ಹೊಸದು ಬೇಕು.

ಡೋಸ್‌ಗೆ ತಕ್ಕಡಿ ಸಾಕು. 100 ಮೈಕ್ರೋಲೀಟರ್ ನೀರು ಸುಮಾರು 0.1 ಗ್ರಾಂ. ಹನಿ ಗಾತ್ರಕ್ಕೆ ಲೇಸರ್ ಯಂತ್ರ ಬೇಕು. 10 ಮೈಕ್ರಾನ್‌ಗಿಂತ ಸಣ್ಣ ಹನಿ ಜಾಸ್ತಿ ಇದ್ದರೆ ಮೂಗು ದಾಟಿ ಒಳಗೆ ಹೋಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಒಂದೇ ಡೋಸಿನದಕ್ಕೆ ಹೋಗುತ್ತೇನೆ. ಫಿಲ್ಟರ್ ಪಂಪು ಒಂದೇ ಒಂದು ತರಿಸಿ ನೀಲಿ ಪರೀಕ್ಷೆ ಮಾಡುತ್ತೇನೆ. ಸ್ಟೆಬಿಲಿಟಿ ಪರೀಕ್ಷೆಗೆ (ಔಷಧ ಎಷ್ಟು ದಿನ ಕೆಡದೆ ಇರುತ್ತದೆ ಅಂತ ನೋಡೋಕೆ) 30 ಡಿಗ್ರಿ ಸಾಕಾ, ನಮ್ಮೂರ ಬಿಸಿಲಿಗೆ?

ಉತ್ತರ (ಹುಮನಾಬಾದ್)

ನಮ್ಮ ದೇಶಕ್ಕೆ 30 ಡಿಗ್ರಿ ಅಂತಲೇ ಇದೆ. ಬೇಗ ನೋಡಲು 40 ಡಿಗ್ರಿ, ತೇವ 75%, ಆರು ತಿಂಗಳು. ಆದರೆ ಮೇ ತಿಂಗಳಲ್ಲಿ ಶಹಾಬಾದ್ ಕಡೆ ಫರ್ಸಿ ಹಾಸಿದ ಮಾಳಿಗೆ ಮನೆಯಲ್ಲಿ ಸಂಜೆಯಾದರೂ ಗೋಡೆ ಮುಟ್ಟೋಕಾಗಲ್ಲ. 45 ಡಿಗ್ರಿಯಲ್ಲೂ ಕೆಲವು ಸ್ಯಾಂಪಲ್ ಇಡು. ಬಿಸಿಯಲ್ಲಿ ಔಷಧ ಬೇಗ ಕೆಡುತ್ತದೆ, ರಬ್ಬರ್ ಮೂಲಕ ಆಕ್ಸಿಜನ್ ಕೂಡ ಬೇಗ ದಾಟುತ್ತದೆ. ಮುಂದೆ ರೋಗಿಗಳ ಮೇಲೆ ನೋಡುವ ಯೋಚನೆ ಇದ್ದರೆ ಎಥಿಕ್ಸ್ ಕಮಿಟಿ, ಸರ್ಕಾರದ ಅನುಮತಿ ಎಲ್ಲ ಬೇಕು, ಅದು ಬೇರೆಯೇ ದಾರಿ. ಈಗ ಖಾಲಿ ಕುಪ್ಪಿ, ಮುಚ್ಚಳ ಬೇಕಿದ್ದರೆ ಹೈದರಾಬಾದ್‌ನಲ್ಲಿ ವಿಚಾರಿಸು, ಸ್ಯಾಂಪಲ್ ಕೇಳಿದರೆ ಕೆಲವರು ಸುಮ್ನೆ ಕೊಡುತ್ತಾರೆ.